ಬಚ್ಚಲು ಕಟ್ಟಿದಾಗ ಹೊಣೆ ಯಾರದು?

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನೀರಿನ ಜಗಳಗಳು ಬೇಸಿಗೆಯಲ್ಲಿ ಮಾತ್ರ ಹುಟ್ಟುತ್ತವೆ ಎಂಬ ನಂಬಿಕೆ ಸರಿಯಲ್ಲ. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದ ಮೇಲೆ ಹುಟ್ಟುವ ಜಗಳವೂ ಒಂದುಂಟು. ಮೇಲಿನ ಮನೆಯ ಬಚ್ಚಲು ಕಟ್ಟುತ್ತದೆ. ಕೊಳಕು ನೀರು ಕೆಳಗಿನ ಮನೆಯ ಅಂಗಳಕ್ಕೆ ಇಳಿಯುತ್ತದೆ. ಮನೆಯವರು ಪಂಚಾಯಿತಿಯನ್ನು ದೂರುತ್ತಾರೆ, ಪಂಚಾಯಿತಿಯವರು ಮನೆಯವರನ್ನು ದೂರುತ್ತಾರೆ. ನೀರು ಮಾತ್ರ ನಿಂತಲ್ಲೇ ನಾರುತ್ತದೆ.

ಬಾವಿಯಿಂದ ಸೇದಿ ತಂದ ನೀರು ಅಳತೆಯದಾಗಿತ್ತು. ಬಚ್ಚಲ ಹಿಂದಿನ ಬಾಳೆ, ಕೆಸು, ತೆಂಗು ಅದನ್ನು ಕುಡಿದು ಮುಗಿಸುತ್ತಿದ್ದವು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ತಲಾ ದಿನಕ್ಕೆ 55 ಲೀಟರ್ ನೀರಿನ ಗುರಿಯನ್ನಿಟ್ಟುಕೊಂಡಿತು. ಐವರಿರುವ ಮನೆಗೆ ಅದು 275 ಲೀಟರ್. ಅದರಲ್ಲಿ ಬಹುಪಾಲು ಬಚ್ಚಲಿನಿಂದ ಮರಳಿ ಹೊರಬೀಳುತ್ತದೆ. ನಲ್ಲಿಗಾಗಿ ಅರ್ಜಿ ಕೊಟ್ಟವರು ಆ ನೀರು ಹೋಗುವ ದಾರಿಯನ್ನು ಅಷ್ಟಾಗಿ ಯೋಚಿಸಲಿಲ್ಲ.

ಹೊಣೆ ಯಾರದೆಂದು ತಿಳಿಯಬೇಕಾದರೆ ನೀರಿನ ಜೊತೆಗೇ ನಡೆದು ನೋಡಬೇಕು. ತಡೆ ಎಲ್ಲಿದೆಯೋ ಹೊಣೆಯೂ ಅಲ್ಲಿಯೇ ಇರುತ್ತದೆ.

ಮೊದಲ ಹಂತ ಮನೆಯ ಗೋಡೆಯಿಂದ ಹಿತ್ತಿಲ ಬೇಲಿಯವರೆಗೆ. ಇದು ಪೂರ್ತಿಯಾಗಿ ಮನೆಯವರದೇ. ಒಂದೇ ಬಾಯಿಯಲ್ಲಿ ನೀರು ನಿಂತರೆ ತಡೆ ಅದರ ಸಮೀಪದಲ್ಲಿರುತ್ತದೆ. ಅಡುಗೆಮನೆ, ಬಚ್ಚಲು ಎರಡರಲ್ಲಿಯೂ ನಿಂತರೆ ಅವು ಕೂಡಿದ ಮುಂದಿನ ಕೊಳವೆಯಲ್ಲಿರುತ್ತದೆ. ಬಿಸಿಯಿರುವಾಗ ಹರಿದ ಎಣ್ಣೆಯ ಜಿಡ್ಡು ತಣ್ಣಗಾದೊಡನೆ ಕೊಳವೆಗೆ ಅಂಟುತ್ತದೆ. ಅದಕ್ಕೆ ಕೂದಲು, ಅನ್ನದ ಅಗುಳು, ಶಾಂಪೂ ಪೊಟ್ಟಣ ಸಿಕ್ಕಿಕೊಳ್ಳುತ್ತವೆ. ಸೂರಿನ ನೀರನ್ನೂ ಅದೇ ಕೊಳವೆಗೆ ಬಿಟ್ಟಿದ್ದರೆ ಮಣ್ಣು, ದರಕು ಸೇರಿ ಮಳೆಗಾಲದಲ್ಲಿ ಅದು ಮುಚ್ಚಿಯೇ ಹೋಗುತ್ತದೆ. ಆಗ ಕಾಸ್ಟಿಕ್ ಸೋಡಾ ಸುರಿಯುವುದು ಸುಲಭವೆನಿಸುತ್ತದೆ. ಅದು ಕೈ, ಕಣ್ಣುಗಳನ್ನು ಸುಡಬಲ್ಲದು. ಅಷ್ಟೇ ಅಲ್ಲ, ಅದರ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಚದುರಿಸಿ, ನೀರು ಇಂಗುವ ರಂಧ್ರಗಳನ್ನು ಮುಚ್ಚುತ್ತದೆ. ಹೀಗೆ ಕೊಳವೆಯನ್ನು ತೆರೆಯಹೋಗಿ ಹಿತ್ತಿಲ ನೆಲವನ್ನೇ ಕಟ್ಟಿಸಿದಂತಾಗುತ್ತದೆ. ಬಾಯಿಗೊಂದು ಜಾಲರಿ, ಬಿಸಿನೀರು, ಬಿದಿರಿನ ಸೀಳು ಇವೇ ಹೆಚ್ಚಿನ ಸಂದರ್ಭಗಳಲ್ಲಿ ಸಾಕು.

ಎರಡನೆಯ ಹಂತ ನೆರೆಯವರ ಜಮೀನು. "ನೀರು ಇಳಿಜಾರಿಗೆ ಹರಿಯುವುದು ಪ್ರಕೃತಿ ನಿಯಮ" ಎಂಬುದು ಮೇಲಿನ ಮನೆಯವರ ವಾದ. 1882ರ ಈಸ್‌ಮೆಂಟ್ ಕಾಯ್ದೆ ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತದೆ. ಮೇಲಿನ ನೆಲದಲ್ಲಿ ಸಹಜವಾಗಿ ಹುಟ್ಟಿದ ಅಥವಾ ಬಿದ್ದ ನೀರು ಸಹಜವಾಗಿ ಇಳಿಯುವುದನ್ನು ಕೆಳಗಿನವರು ತಡೆಯುವಂತಿಲ್ಲ. ಬಚ್ಚಲ ನೀರು ಹಾಗೆ ಹುಟ್ಟಿದ್ದಲ್ಲ. ಮನೆಯವರು ಬಳಸಿ ಬಿಟ್ಟದ್ದು. ಅದನ್ನು ಪರರ ಅಂಗಳಕ್ಕೆ ಬಿಡಲು ಇಳಿಜಾರು ಸಮರ್ಥನೆಯಾಗದು.

ಮೂರನೆಯ ಹಂತ ಊರಿನ ಚರಂಡಿ. 1993ರ ಪಂಚಾಯತ್ ರಾಜ್ ಅಧಿನಿಯಮದ 58ನೆಯ ಪ್ರಕರಣವು ನೈರ್ಮಲ್ಯ ಮತ್ತು ಸಮರ್ಪಕ ಚರಂಡಿ ವ್ಯವಸ್ಥೆಯನ್ನು ಗ್ರಾಮ ಪಂಚಾಯಿತಿಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಆದುದರಿಂದ ಚರಂಡಿಯ ಹೂಳೆತ್ತಿಸುವುದು ಪಂಚಾಯಿತಿ ತೋರುವ ಉಪಕಾರವಲ್ಲ. ಆದರೆ ವಾಹನ ಒಳತರಲು ಚರಂಡಿಗೆ ಮಣ್ಣು ತುಂಬಿದವರು, ಕಸ ಸುರಿದವರು ಪಂಚಾಯಿತಿಯ ಕಡೆ ಬೆರಳು ತೋರಿಸುವುದು ನ್ಯಾಯವಲ್ಲ.

ಇನ್ನುಳಿದದ್ದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಹೊಣೆ ಒಬ್ಬರದಾಗಿ, ಇಳಿಯುವ ಮೈ ಇನ್ನೊಬ್ಬರದಾಗುವ ರೂಢಿ ಈ ಸಮಾಜದಲ್ಲಿದೆ. ಆ ಇನ್ನೊಬ್ಬರು ಯಾವ ಕೇರಿಯವರೆಂಬುದು ಎಲ್ಲರಿಗೂ ಗೊತ್ತು. ರಕ್ಷಣಾ ಸಾಧನಗಳಿಲ್ಲದೆ ಮಲದ ಗುಂಡಿಗೆ, ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮುಚ್ಚಿದ ಗುಂಡಿಯ ವಿಷಾನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯಬಲ್ಲದು. ಶೌಚಾಲಯದ ಗುಂಡಿ ತುಂಬಿದರೆ ಹೀರುಯಂತ್ರವನ್ನೇ ತರಿಸಬೇಕು. ಮನೆಯ ಬಚ್ಚಲ ಜಾಲರಿಯನ್ನು ಮನೆಯವರೇ ತೊಳೆಯಬೇಕು.

ಪರಿಹಾರ ದೂರದಲ್ಲಿಲ್ಲ. ಸುಮಾರು ಒಂದು ಮೀಟರ್ ಅಗಲ, ಅಷ್ಟೇ ಆಳದ ಗುಂಡಿಗೆ ಕಲ್ಲು ತುಂಬಿ, ಮುಂದೆ ಹೂಳು ನಿಲ್ಲುವ ಚಿಕ್ಕ ತೊಟ್ಟಿ ಕಟ್ಟಿದರೆ ಬಚ್ಚಲ ನೀರು ಇಂಗುತ್ತದೆ. ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಸಾಗುವುದರಿಂದ ಇನ್ನೂ ದೂರವಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಒರತೆಯೇಳುವ ಜಾಗದಲ್ಲಿ ಗುಂಡಿ ತಾನೇ ತುಂಬಿಕೊಳ್ಳುತ್ತದೆ. ಅಂಥಲ್ಲಿ ಎತ್ತರದ ಬಾಳೆಮಡಿಯೇ ಮೇಲು.

ಮೇ ತಿಂಗಳು ಮುಗಿಯುವ ಮೊದಲು ವಿದ್ಯಾರ್ಥಿಗಳು ಊರಿನ ಮೇಲಿನ ಮನೆಯಿಂದ ಹಳ್ಳದವರೆಗೆ ನಡೆದು, ನೀರು ಹರಿಯುವ ದಾರಿಯ ನಕ್ಷೆ ಬರೆಯಲಿ. ಎಲ್ಲೆಲ್ಲಿ ಕಟ್ಟಿದೆ, ಅದು ಯಾರ ಪಾಲಿನದು ಎಂದು ಗುರುತು ಹಾಕಲಿ. ಆ ನಕ್ಷೆ ಗ್ರಾಮಸಭೆಯ ಮುಂದೆ ಬರಲಿ. ಆಗ ಯಾರೂ ತಮ್ಮ ಪಾಲನ್ನು ಇನ್ನೊಬ್ಬರ ಅಂಗಳಕ್ಕೆ ಹರಿಯಬಿಡಲಾರರು.