ವಿಮಾನದ ಮೈಲುಗಳೂ ಒಂದು ಸಂಸಾರದ ಜಮಾಖರ್ಚೂ

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಾವು ಗಿರಣಿಯಲ್ಲಿ ಹಾಜರಿಪಟ್ಟಿ, ಪಗಾರದ ಲೆಕ್ಕ ಬರೆಯುವವರು. ಓದಿದ್ದು ಮೆಟ್ರಿಕ್ ವರೆಗೆ. ವಿಮಾನವನ್ನು ಕಂಡದ್ದು ಚಾಳಿನ ಮಾಳಿಗೆಯಿಂದ. ಅಂಥವರು ಅಟ್ಲಾಂಟಿಕ್ ಸಾಗರ ದಾಟುವ ಪ್ರಯಾಣದ ಮೇಲೆ ಮಾತಾಡಲು ನಿಂತರೆ ತಾವು ನಕ್ಕರೂ ತಪ್ಪಿಲ್ಲ. ಆದರೆ ಈ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ಅದೇ ನಮ್ಮ ವಾಚನಾಲಯದ ಮೇಜಿಗೆ ಬಂತು. ಬಂದ ಬಗೆಯನ್ನು ಮೊದಲು ನಿವೇದಿಸುತ್ತೇವೆ.

ನಮ್ಮ ಹಿರಿಯ ಸದಸ್ಯರೊಬ್ಬರ ಮಗ ಮತ್ತು ಸೊಸೆ ಅಮೇರಿಕೆಯ ಬಾಸ್ಟನ್ ನಗರದಲ್ಲಿದ್ದಾರೆ. ಊರಿಗೆ ಬಂದು ಮೂರು ವರ್ಷವಾಯಿತು. ಒಂದು ಸಂಜೆ ಹಿರಿಯರು ಪತ್ರಿಕೆ ಮಡಿಸಿಟ್ಟು, ಮೊಬೈಲಿನಲ್ಲಿ ಮಗ ಬರೆದದ್ದನ್ನು ನಮ್ಮ ಮುಂದೆ ಹಿಡಿದರು. “ಅಪ್ಪಾ, ನಮ್ಮ ಮದುವೆಗೆ ಹತ್ತು ವರ್ಷ ತುಂಬುತ್ತದೆ. ಕೂಡಿಟ್ಟ ಮೈಲುಗಳಲ್ಲಿ ನಾವಿಬ್ಬರೂ ಡಬ್ಲಿನ್, ಪ್ಯಾರಿಸ್, ಲಿಸ್ಬನ್ ನೋಡಿಕೊಂಡು ಬರಬೇಕೆಂದಿದ್ದೇವೆ. ಟಿಕೀಟಿಗೆ ಹೆಚ್ಚಿನ ದುಡ್ಡು ಬೀಳುವುದಿಲ್ಲ” ಎಂದು ಅದರಲ್ಲಿತ್ತು. ಹಿರಿಯರು ಕೇಳಿದ್ದು ಒಂದೇ ಮಾತು: “ಏನಪ್ಪಾ, ಪುಕ್ಕಟೆ ಹೋಗುವುದಾದರೆ ಇಲ್ಲಿಗೇ ಏಕೆ ಬರಬಾರದು?”

ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮೈಲು ಎಂದರೇನೆಂಬುದೇ ತಿಳಿಯದಿರುವಾಗ ಉತ್ತರ ಎಲ್ಲಿಂದ ಬರಬೇಕು? ಮೂರು ಸಂಜೆ, ವಾಚನಾಲಯದ ಬಾಗಿಲು ಹಾಕಿದ ಮೇಲೆ ನಾಲ್ಕು ಜನ ಕುಳಿತು ವಹಿ ತೆರೆದೆವು. ತಿಳಿಯದ್ದನ್ನು ಆ ಹುಡುಗನನ್ನೇ ಫೋನಿನಲ್ಲಿ ಕೇಳಿದೆವು. ಆ ವಹಿಯ ಸಾರಾಂಶವೇ ಇಂದಿನ ಭಾಷಣ.

ಮೊದಲು ಮೈಲಿನ ಹುಟ್ಟು. ಅಮೇರಿಕೆಯ ಒಳನಾಡಿನಲ್ಲಿ 1978ರವರೆಗೆ ವಿಮಾನದ ದರವನ್ನೂ ಮಾರ್ಗವನ್ನೂ ಸರಕಾರವೇ ಕಟ್ಟುಮಾಡುತ್ತಿತ್ತು. ಆ ವರ್ಷದ ಕಾಯಿದೆಯಿಂದ ಕಟ್ಟು ಸಡಿಲವಾಗಿ ಕಂಪೆನಿಗಳಲ್ಲಿ ಪೈಪೋಟಿ ಹುಟ್ಟಿತು. ಬಂದ ಗಿರಾಕಿ ಇನ್ನೊಬ್ಬರ ಬಾಗಿಲಿಗೆ ಹೋಗದಂತೆ ಅಮೇರಿಕನ್ ಏರ್‌ಲೈನ್ಸ್ ಕಂಪೆನಿ 1981ರ ಮೇ 1ರಂದು ಒಂದು ಯೋಜನೆ ತೆಗೆಯಿತು: ಹಾರಿದ ಮೈಲುಗಳನ್ನು ಗಿರಾಕಿಯ ಹೆಸರಿನಲ್ಲಿ ಜಮಾ ಮಾಡುವುದು, ಸಾಕಷ್ಟು ಕೂಡಿದಾಗ ಬಹುಮಾನದ ಟಿಕೀಟು ಕೊಡುವುದು. ಅದೇ ತಿಂಗಳು ಯುನೈಟೆಡ್ ಕಂಪೆನಿಯೂ ಅದೇ ದಾರಿ ಹಿಡಿಯಿತು. ಇಂದು ಹೆಚ್ಚುಕಡಿಮೆ ಎಲ್ಲ ದೊಡ್ಡ ಕಂಪೆನಿಗಳಲ್ಲೂ ಈ ಪದ್ಧತಿಯಿದೆ; ನಮ್ಮ ಏರ್ ಇಂಡಿಯಾದ ಯೋಜನೆಗೆ ಈಗ ಮಹಾರಾಜಾ ಕ್ಲಬ್ ಎಂದು ಹೆಸರು.

ಆದರೆ ಈಗ ಮೈಲು ಹಾರಾಟದಿಂದಷ್ಟೇ ಬರುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ದಿನಸಿ ಕೊಂಡರೂ ಬರುತ್ತದೆ, ಪೆಟ್ರೋಲು ಹಾಕಿಸಿದರೂ ಬರುತ್ತದೆ. 1999ರಲ್ಲಿ ಕ್ಯಾಲಿಫೋರ್ನಿಯದ ಒಬ್ಬ ಇಂಜಿನಿಯರು, ಡಬ್ಬಿಯ ಚೀಟಿ ಕಳಿಸಿದವರಿಗೆ ಮೈಲು ಕೊಡುವ ಜಾಹಿರಾತು ನೋಡಿ, ಸುಮಾರು 12,000 ಪುಡಿಂಗಿನ ಡಬ್ಬಿ ಕೊಂಡರು. ಖರ್ಚು ಮೂರು ಸಾವಿರ ಡಾಲರಿಗೆ ಸ್ವಲ್ಪ ಮೇಲೆ. ಬಂದ ಮೈಲು ಹನ್ನೆರಡು ಲಕ್ಷಕ್ಕೂ ಹೆಚ್ಚು. ಪುಡಿಂಗನ್ನು ಒಂದು ಧರ್ಮಸಂಸ್ಥೆಗೆ ಕೊಟ್ಟು, ಚೀಟಿ ಕೀಳುವ ಕೆಲಸವನ್ನು ಅಲ್ಲಿಯವರಿಂದಲೇ ಮಾಡಿಸಿಕೊಂಡರಂತೆ. ಕಂಪೆನಿಗಳೂ ಅಂದಿನಿಂದ ಜಾಣರಾಗಿವೆ.

ನಮ್ಮಂಥವರಿಗೆ ತಿಳಿಯುವಂತೆ ಹೇಳಬೇಕೆಂದರೆ, ಮೈಲು ಎಂಬುದು ಗಿರಣಿಯ ಕ್ಯಾಂಟೀನಿನ ಕೂಪನ್ನು. ಅಚ್ಚು ಹಾಕುವವನು ಕ್ಯಾಂಟೀನಿನವನು. ತಟ್ಟೆ ಊಟಕ್ಕೆ ಎರಡು ಕೂಪನ್ನೋ ಮೂರೋ ಎಂದು ಹಲಗೆ ಬರೆಯುವವನೂ ಅವನೇ. ಹೊರಗಿನ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಕ್ಯಾಂಟೀನು ಮುಚ್ಚಿದರೆ ಕೂಪನ್ನು ಬರೀ ಕಾಗದ. ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತಾಗ, ಅದರ ಮೈಲು ಕೂಡಿಟ್ಟವರಿಗೆ ಹತ್ತಲು ಆ ಕಂಪೆನಿಯ ವಿಮಾನವೇ ಉಳಿಯಲಿಲ್ಲ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿಯಾದರೂ ಬರುತ್ತದೆ. ಕೂಡಿಟ್ಟ ಮೈಲು ಬೆಳೆಯುವುದಿಲ್ಲ, ಸವೆಯುತ್ತದೆ. ಆದ್ದರಿಂದ ಮೈಲನ್ನು ಹೂತಿಡಬಾರದು. ಎಲ್ಲಿಗೆ, ಯಾವಾಗ ಎಂದು ಮೊದಲೇ ಗೊತ್ತುಮಾಡಿ ಕೂಡಿಸಬೇಕು, ಕೂಡಿದೊಡನೆ ಖರ್ಚು ಮಾಡಬೇಕು. ನಾವು ಮೂರು ಸಂಜೆ ಕುಳಿತು ಕಲಿತ ಮೊದಲ ಪಾಠ ಇದು.

ಇನ್ನು ಆ ಗಂಡಹೆಂಡಿರ ಯೋಜನೆಯನ್ನು ನೋಡೋಣ. ಬಾಸ್ಟನ್‌ನಿಂದ ಡಬ್ಲಿನ್ ಸುಮಾರು 3,000 ಮೈಲಿನ ದಾರಿ. ಲಿಸ್ಬನ್ ಅದಕ್ಕಿಂತ ಸ್ವಲ್ಪ ಹೆಚ್ಚು. ಸಾಗರ ದಾಟುವ ಈ ಎರಡು ಹಾರಾಟಗಳೇ ದುಬಾರಿ. ಡಬ್ಲಿನ್‌ನಿಂದ ಪ್ಯಾರಿಸ್, ಪ್ಯಾರಿಸ್‌ನಿಂದ ಲಿಸ್ಬನ್ ಹಾರಾಟಗಳು ಅಗ್ಗ. ಆದ್ದರಿಂದ ಹುಡುಗ ಮಾಡಿದ್ದು ಇಷ್ಟು: ಸಾಗರಕ್ಕೆ ಮೈಲು, ನಡುವಿನ ಗಿಡ್ಡ ಹಾರಾಟಗಳಿಗೆ ರೊಕ್ಕ. ಹೋಗುವುದು ಡಬ್ಲಿನ್‌ಗೆ, ಮರಳುವುದು ಲಿಸ್ಬನ್‌ನಿಂದ. ಬಹಳಷ್ಟು ಕಂಪೆನಿಗಳು ಮೈಲಿನ ಟಿಕೀಟನ್ನು ಒಂದೊಂದು ಕಡೆಗೆ ಬೇರೆಬೇರೆಯಾಗಿ ಕೊಡುವುದರಿಂದ ಹೋದ ಊರಿನಿಂದಲೇ ಮರಳಬೇಕೆಂಬ ಕಟ್ಟಿಲ್ಲ.

ಹೋಗುವ ಟಿಕೀಟು ಏರ್ ಲಿಂಗಸ್ ಎಂಬ ಐರ್ಲೆಂಡಿನ ಕಂಪೆನಿಯದು. ಅದಕ್ಕೆ ಏವಿಯೋಸ್ ಎಂಬ ಮೈಲು ಬೇಕು. ಬ್ರಿಟಿಷ್ ಏರ್‌ವೇಸ್, ಐಬೀರಿಯಾ ಕಂಪೆನಿಗಳಲ್ಲೂ ಇದೇ ನಾಣ್ಯ ನಡೆಯುತ್ತದೆ. ಬರುವ ಟಿಕೀಟು ಪೋರ್ತುಗಾಲಿನ ಟ್ಯಾಪ್ ಕಂಪೆನಿಯದು. ಅದು 1997ರಲ್ಲಿ ಐದು ಕಂಪೆನಿಗಳು ಸೇರಿ ಕಟ್ಟಿದ ಸ್ಟಾರ್ ಅಲಯನ್ಸ್ ಎಂಬ ಕೂಟದಲ್ಲಿ ಈಗ ಇರುವುದರಿಂದ, ಕೆನಡಾದ ಏರೋಪ್ಲಾನ್ ಮೈಲು ಕೊಟ್ಟರೂ ಅದರಲ್ಲಿ ಆಸನ ಸಿಗುತ್ತದೆ. ಏರೋಪ್ಲಾನ್‌ನಲ್ಲಿ 5,000 ಮೈಲು ಹೆಚ್ಚಿಗೆ ಕೊಟ್ಟರೆ ದಾರಿಯ ಒಂದು ಊರಿನಲ್ಲಿ ಇಳಿದು ಕೆಲದಿನ ಇರಲೂ ಬಹುದು. ಇದನ್ನು ಸ್ಟಾಪ್‌ಓವರ್ ಎನ್ನುತ್ತಾರೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಅದು ಬದಲಾವಣೆ, ಮೀರಿದರೆ ಸ್ಟಾಪ್‌ಓವರ್.

ಈಗ ಲೆಕ್ಕ. ತಿಳಿವಳಿಕೆಗಾಗಿ ಒಂದು ಅಂಕಿ ಹಿಡಿಯೋಣ. ನಿಜವಾದ ದರ ದಿನದಿನಕ್ಕೆ ಬದಲಾಗುತ್ತದೆ. ರೊಕ್ಕದ ಟಿಕೀಟು 600 ಡಾಲರು. ಮೈಲಿನ ಟಿಕೀಟಾದರೆ 25,000 ಮೈಲು ಮತ್ತು ತೆರಿಗೆ 100 ಡಾಲರು. ಉಳಿದದ್ದು 500 ಡಾಲರು. ಅದನ್ನು 25,000ದಿಂದ ಭಾಗಿಸಿದರೆ ಮೈಲಿಗೆ ಎರಡು ಸೆಂಟು ಬಿತ್ತು. ಇದು ಒಳ್ಳೆಯ ವ್ಯಾಪಾರ. ಅದೇ ಟಿಕೀಟಿಗೆ ತೆರಿಗೆ, ಮೇಲ್ದರ ಎಲ್ಲ ಸೇರಿ 400 ಡಾಲರು ಕೇಳಿದರೆ ಮೈಲಿಗೆ ಸಿಕ್ಕಿದ್ದು ಸೆಂಟಿಗೂ ಕಡಿಮೆ. ಆಗ ರೊಕ್ಕ ಕೊಟ್ಟು ಹೋಗುವುದೇ ಮೇಲು. ಪುಕ್ಕಟೆ ಎಂಬ ಮಾತಿಗೆ ಬೆರಗಾಗದೆ ಈ ಒಂದು ಭಾಗಾಕಾರ ಮಾಡಿದವನು ಮೋಸ ಹೋಗುವುದಿಲ್ಲ.

ತೆರಿಗೆಯ ಮಾತು ಬಂತಲ್ಲ, ಲಂಡನ್ನನ್ನು ಇವರು ಏಕೆ ಬಿಟ್ಟರೆಂದು ನಾವೂ ಕೇಳಿದೆವು. ಬ್ರಿಟನ್ನಿನಲ್ಲಿ 1994ರಿಂದ ಅಲ್ಲಿಂದ ಹೊರಡುವ ವಿಮಾನ ಪ್ರಯಾಣಿಕರ ಮೇಲೆ ತೆರಿಗೆಯಿದೆ. ಲಂಡನ್‌ನಿಂದ ಬಾಸ್ಟನ್ನಿನಷ್ಟು ದೂರಕ್ಕೆ ಸಾಧಾರಣ ದರ್ಜೆಗೆ 2025ರ ಏಪ್ರಿಲಿನಲ್ಲಿ 90 ಪೌಂಡು ಇದ್ದದ್ದು 2026ರ ಏಪ್ರಿಲಿನಿಂದ 102 ಪೌಂಡು. ಟಿಕೀಟು ಮೈಲಿನದಾದರೂ ಇದು ತಪ್ಪದು. ಇಬ್ಬರಿಗೆ ಇನ್ನೂರು ಪೌಂಡಿನ ಮೇಲೆ ಬರೀ ತೆರಿಗೆಗೆ ಹೋಯಿತು. ಐರ್ಲೆಂಡು ಇಂಥ ತೆರಿಗೆಯನ್ನು 2014ರಲ್ಲಿಯೇ ತೆಗೆದುಹಾಕಿದೆ. ಲಂಡನ್ನಿಗೆ ಹೋಗಬಾರದೆಂದಲ್ಲ, ಅಲ್ಲಿಗೆ ಹೋಗಿ ಇಳಿದು, ಸಾಗರ ದಾಟುವುದನ್ನು ಬೇರೆ ಊರಿನಿಂದ ಇಟ್ಟುಕೊಂಡರೆ ಹಗುರ.

ಮುಂದಿನ ತೊಡಕು, ಇಬ್ಬರು ಎಂಬುದು. ಒಬ್ಬನಿಗೆ ಮೈಲಿನ ಆಸನ ಸಿಗುವುದು ಸುಲಭ. ಒಂದೇ ವಿಮಾನದಲ್ಲಿ ಜೋಡಿ ಆಸನ ಕಡಿಮೆ ದರಕ್ಕೆ ಸಿಗುವುದು ಕಷ್ಟ. ಅಗ್ಗದ ಆಸನ ಒಂದೇ ಉಳಿದಿರುವಾಗ ಎರಡು ಕೇಳಿದರೆ, ಕೆಲವೆಡೆ ಎರಡನ್ನೂ ಮೇಲಿನ ದರದಲ್ಲೇ ತೋರಿಸುತ್ತಾರೆ. ಅಂಥಲ್ಲಿ ಒಂದೊಂದಾಗಿ ಕೇಳಿನೋಡಬೇಕು. ಬೇಗ ಕೇಳುವುದೂ ಒಳ್ಳೆಯದು: ಬ್ರಿಟಿಷ್ ಏರ್‌ವೇಸ್ 355 ದಿನ ಮುಂಚೆ, ಅಮೇರಿಕನ್ 331 ದಿನ ಮುಂಚೆ ಆಸನ ತೆರೆಯುತ್ತವೆ. ಬೇಸಿಗೆಯ ರಜೆ ಬಿಟ್ಟು ಚಳಿಗಾಲದಲ್ಲಿ ಹೋಗುವವರಿಗೆ ಬಹುಮಟ್ಟಿಗೆ ಕಡಿಮೆ ಮೈಲು ಸಾಕು.

ಇನ್ನೊಂದು ಎಚ್ಚರಿಕೆ. ಅಲ್ಲಿಯ ಬ್ಯಾಂಕಿನ ಕಾರ್ಡುಗಳು ಕೊಡುವ ಅಂಕಗಳನ್ನು ಬೇಕಾದ ಕಂಪೆನಿಯ ಮೈಲಾಗಿ ಬದಲಿಸಬಹುದು. ಆದರೆ ಒಮ್ಮೆ ಬದಲಿಸಿದ್ದನ್ನು ಹಿಂದಕ್ಕೆ ತರಲಾಗದು. ಆಸನ ಸಿಗುವ ಮುಂಚೆ ಬದಲಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಮೊದಲ ವರ್ಷ ಈ ಹುಡುಗನೂ ಹಾಗೆಯೇ ಮಾಡಿ, ಬೇಡದ ಖಾತೆಯಲ್ಲಿ ಮೈಲು ಸಿಕ್ಕಿಸಿಕೊಂಡು ಕುಳಿತಿದ್ದನಂತೆ.

ಬೇರೆಬೇರೆ ಟಿಕೀಟು ಕೊಂಡಾಗ ಮತ್ತೊಂದು ಅಪಾಯವಿದೆ. ಪ್ಯಾರಿಸ್‌ನಿಂದ ಹೊರಟದ್ದು ತಡವಾಗಿ ಲಿಸ್ಬನ್ನಿನ ವಿಮಾನ ತಪ್ಪಿದರೆ, ಎರಡನೆಯ ಕಂಪೆನಿಗೆ ಅದರ ಹೊಣೆಯಿಲ್ಲ. ಆದ್ದರಿಂದ ಸಾಗರ ದಾಟುವ ಹಿಂದಿನ ರಾತ್ರಿ ಅದೇ ಊರಿನಲ್ಲಿ ಇರಬೇಕು. ಇವರು ಲಿಸ್ಬನ್ನಿನಲ್ಲಿ ಮೂರು ರಾತ್ರಿ ಇಟ್ಟುಕೊಂಡಿದ್ದಾರೆ. ಯುರೋಪಿನಿಂದ ಹೊರಡುವ ವಿಮಾನ ರದ್ದಾದರೆ ಪ್ರಯಾಣಿಕನ ಹಕ್ಕು ಕಾಯುವ 2004ರ ನಿಯಮ ಮೈಲಿನ ಟಿಕೀಟಿಗೂ ಅನ್ವಯಿಸುತ್ತದೆಂಬುದು ಸಮಾಧಾನದ ಮಾತು.

ಎಲ್ಲಕ್ಕಿಂತ ಮೊದಲಿನದು ವೀಸಾ. ಇವರಿಬ್ಬರದೂ ಭಾರತದ ಪಾಸ್‌ಪೋರ್ಟು. ಫ್ರಾನ್ಸ್, ಪೋರ್ತುಗಾಲ್ ಎರಡಕ್ಕೂ ಷೆಂಗೆನ್ ಎಂಬ ಒಂದೇ ವೀಸಾ ಸಾಕು. ಐರ್ಲೆಂಡು ಆ ಒಕ್ಕೂಟದಲ್ಲಿಲ್ಲ, ಅದಕ್ಕೆ ಬೇರೆ ವೀಸಾ ಬೇಕು. ಇದಕ್ಕಿಂತ ದೊಡ್ಡದು, ಕೆಲಸದ ವೀಸಾದ ಮೇಲೆ ಇರುವವರು ಮರಳಿ ಅಮೇರಿಕೆಗೆ ಹೊಗಲು ಪಾಸ್‌ಪೋರ್ಟಿನಲ್ಲಿ ವೀಸಾದ ಮುದ್ರೆ ಜಾರಿಯಲ್ಲಿರಬೇಕು. ಅಲ್ಲಿರಲು ಅನುಮತಿ ಇದ್ದೂ ಮುದ್ರೆಯ ತಾರೀಖು ಮುಗಿದಿದ್ದರೆ ಲಿಸ್ಬನ್ನಿನಲ್ಲೇ ನಿಲ್ಲಬೇಕಾದೀತು. ಅಗ್ಗದ ಟಿಕೀಟು ನೌಕರಿಯನ್ನೇ ತಿಂದೀತು. ಹುಡುಗ ಈ ತಾರೀಖು ನೋಡಿಯೇ ಪ್ರಯಾಣದ ದಿನ ಗೊತ್ತುಮಾಡಿದ್ದನೆಂದು ತಿಳಿದಾಗ ಹಿರಿಯರ ಮುಖ ಕೊಂಚ ಗೆಲುವಾಯಿತು.

ಬಂಧುಗಳೇ, ಇಲ್ಲಿ ನಮ್ಮ ಸ್ವಂತದ ಒಂದು ಮಾತು. ನಮಗೂ ಎರಡು ವರ್ಷದ ಹಿಂದೆ ರೈಲು ನಿಲ್ದಾಣದ ಬಳಿ ಮೇಜು ಹಾಕಿ ಕೂತ ಹುಡುಗನೊಬ್ಬ ಒಂದು ಬ್ಯಾಂಕಿನ ಕಾರ್ಡು ಕೊಡಿಸಿದ. ಅಂಕ ಬರುತ್ತದೆ, ವಿಮಾನದಲ್ಲಿ ಬೆಂಗಳೂರಿಗೆ ಹೋಗಬಹುದು ಎಂದ. ಮನೆಯ ಫ್ರಿಜ್ಜು, ತಂಗಿಯ ಸೀಮಂತದ ಸೀರೆ ಎಲ್ಲ ಸೇರಿ 40,000 ರೂಪಾಯಿ ಅದರ ಮೇಲೆ ಬಿತ್ತು. ನೂರು ರೂಪಾಯಿಗೆ ಒಂದರಂತೆ 400 ಅಂಕ ಬಂತು. ಅಂಕಕ್ಕೆ ನಾಲ್ಕಾಣೆಯಂತೆ ಅದರ ಬೆಲೆ ನೂರು ರೂಪಾಯಿ. ಪೂರ್ತಿ ಕಟ್ಟಲಾಗದೆ ಕನಿಷ್ಠ ಮೊತ್ತ ಕಟ್ಟುತ್ತ ಬಂದೆವು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಮೊದಲ ತಿಂಗಳಿಗೇ ಸುಮಾರು 1,400 ರೂಪಾಯಿ, ಅದರ ಮೇಲೆ ನೂರಕ್ಕೆ ಹದಿನೆಂಟರ ತೆರಿಗೆ 252. ನೂರು ರೂಪಾಯಿಯ ಬಹುಮಾನಕ್ಕೆ ತಿಂಗಳಿಗೆ ಸಾವಿರದ ಆರುನೂರೈವತ್ತೆರಡು! ತೀರಿಸಲು ಹನ್ನೊಂದು ತಿಂಗಳು ಹಿಡಿಯಿತು, ದೀಪಾವಳಿಯ ಬೋನಸ್ಸೂ ಹೋಯಿತು. ಊರವರ ಪಗಾರದ ಲೆಕ್ಕ ಬರೆಯುವವರು ತಮ್ಮ ಲೆಕ್ಕ ತಪ್ಪಿದೆವು. ಬಾಸ್ಟನ್ನಿನ ದಂಪತಿಗೆ ಮೈಲು ಲಾಭವಾದದ್ದು, ಪ್ರತಿ ತಿಂಗಳೂ ಪೂರ್ತಿ ಬಾಕಿ ತೀರಿಸಿದ್ದರಿಂದ, ಬೇರೆ ಗುಟ್ಟಿಲ್ಲ. ಒಂದು ತಿಂಗಳು ಬಾಕಿ ಉಳಿಸಿಕೊಂಡವನು ಮೈಲಿನ ಮಾತು ಮರೆಯಬೇಕು.

ಕೊನೆಗೆ ಹಿರಿಯರ ಪ್ರಶ್ನೆ. ಬಾಸ್ಟನ್‌ನಿಂದ ಮುಂಬಯಿ ಡಬ್ಲಿನ್ನಿನ ಎರಡೂವರೆ ಪಟ್ಟು ದೂರ. ಇಬ್ಬರು ಹೋಗಿಬರಲು ಬೇಕಾದ ಮೈಲು ಅವರ ಖಾತೆಯಲ್ಲಿ ಇರಲಿಲ್ಲ. ಇದ್ದ ಜಮೆ ಸಾಗರದ ಆ ದಡಕ್ಕೆ ಸಾಕು, ಈ ದಡಕ್ಕೆ ಸಾಲದು. ಇದನ್ನು ವಹಿಯಲ್ಲಿ ಬರೆದು ತೋರಿಸಿದಾಗ ಹಿರಿಯರು ಬಹಳ ಹೊತ್ತು ನೋಡಿ, “ಹಾಗಾದರೆ ಹೋಗಿಬರಲಿ. ಹತ್ತು ವರ್ಷ ದುಡಿದಿದ್ದಾರೆ” ಎಂದರು. ಮನಸ್ಸು ಪೂರ್ತಿ ತಿಳಿಯಾಯಿತೆಂದು ನಾವು ಹೇಳಲಾರೆವು. ಮಗನನ್ನು ಕಾಣಬೇಕೆಂಬ ತಂದೆಯ ಆಸೆ ಭಾಗಾಕಾರದಿಂದ ತೀರುವಂಥದಲ್ಲ.

ಆದರೆ ಫೋನು ಇಡುವ ಮುಂಚೆ ಹುಡುಗ ಒಂದು ಮಾತು ಹೇಳಿದ. ಬಹುತೇಕ ಕಂಪೆನಿಗಳಲ್ಲಿ ಮೈಲಿನ ಟಿಕೀಟನ್ನು ಖಾತೆದಾರ ತನ್ನ ಹೆಸರಿಗೇ ತೆಗೆಯಬೇಕೆಂದಿಲ್ಲ. ತಂದೆತಾಯಿಯ ಹೆಸರಿಗೂ ತೆಗೆಯಬಹುದು. “ಅಪ್ಪಾ, ಮುಂದಿನ ಜಮೆ ನಿನಗೂ ಅಮ್ಮನಿಗೂ. ನಿಮ್ಮ ಪಾಸ್‌ಪೋರ್ಟು ಇದೆಯೇ?” ಎಂದು ಕೇಳಿದ. ಇರಲಿಲ್ಲ. ಎಪ್ಪತ್ತರ ಹತ್ತಿರ ಬಂದವರು, ಒಮ್ಮೆಯೂ ಬೇಕಾಗಿರಲಿಲ್ಲ. ಪಾಸ್‌ಪೋರ್ಟಿನ ಶುಲ್ಕ, ವೀಸಾದ ಶುಲ್ಕ, ಸಂದರ್ಶನದ ಕಾಯುವಿಕೆ ಇವು ಯಾವುವೂ ಮೈಲಿನಿಂದ ತೀರುವುದಿಲ್ಲವೆಂದು ನಾವು ಹೇಳಿದೆವು. ಅವರು ಕೇಳಿಸಿಕೊಂಡರು, ಆದರೂ ಮರುದಿನ ಜನ್ಮದಾಖಲೆಯ ಕಾಗದ ಹುಡುಕಿ ತಂದರು.

ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ವಾಚನಾಲಯದಲ್ಲಿ ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಡುತ್ತೇವೆ. ಕಾರ್ಡಿನ ಬಾಕಿಯ ಕಾಗದ ತಿಳಿಯದವರೂ ಸಂಕೋಚವಿಲ್ಲದೆ ತರಬಹುದು; ಆ ವಿದ್ಯೆ ನಮಗೆ ಅನುಭವದಿಂದ ಬಂದಿದೆ.