ಬಲಗಡೆಯ ಬಾವುಟ

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಡೋವರ್ ಜಲಸಂಧಿ ತೀರಾ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ಅಗಲ, ಅಷ್ಟೆ. ಬೇಸಿಗೆ ಬಂತೆಂದರೆ ಅಪ್ಪ, ಅಮ್ಮ, ಮಕ್ಕಳು ಸಣ್ಣ ಹಾಯಿದೋಣಿ ಹತ್ತಿ ಪಕ್ಕದ ದೇಶಕ್ಕೆ ಹೊರಟುಬಿಡುತ್ತಾರೆ. ಹತ್ತಿರವೇನೋ ಹೌದು, ಸಲೀಸಲ್ಲ. ದಿನಕ್ಕೆ ನೂರಾರು ಹಡಗು ಓಡಾಡುವ ಹೆದ್ದಾರಿ ಅದು. ಸೆಳೆತ ಎಷ್ಟೇ ಪಕ್ಕಕ್ಕೆ ತಳ್ಳಿದರೂ, ದೋಣಿಯ ಮೂತಿಯನ್ನು ಆದಷ್ಟೂ ನೇರ ಅಡ್ಡಕ್ಕೆ ಹಿಡಿದೇ ಹಡಗಿನ ಸಾಲು ದಾಟಬೇಕು. ಅದು ಅಂತರರಾಷ್ಟ್ರೀಯ ನಿಯಮ.

ಫ್ರಾನ್ಸಿನ ನೀರು ಮುಟ್ಟಿದೊಡನೆ ಮಕ್ಕಳಿಗೊಂದು ಕೆಲಸ ಕಾದಿರುತ್ತದೆ. ತೆಳ್ಳನೆಯ ಹಗ್ಗ ಎಳೆದು, ಹಾಯಿಕಂಬದ ಬಲಗಡೆಗೆ ನೀಲಿ, ಬಿಳಿ, ಕೆಂಪಿನ ಪುಟ್ಟ ಫ್ರೆಂಚ್ ಬಾವುಟ ಏರಿಸುವುದು. ತಮ್ಮ ದೇಶದ ಬಾವುಟ ದೋಣಿಯ ಹಿಂಭಾಗದಲ್ಲಿ ಹಾರುತ್ತಲೇ ಇರುತ್ತದೆ. ಬಲಗಡೆಯ ಎತ್ತರದ ಜಾಗ ಮಾತ್ರ ಮನೆಯೊಡೆಯರಿಗೆ ಮೀಸಲು.

ಹೊಸ ಸೊಸೆಗೆ 'ಬಲಗಾಲಿಟ್ಟು ಒಳಗೆ ಬಾರಮ್ಮ' ಎನ್ನುತ್ತೇವಲ್ಲ, ಅದೇ ನೆನಪಾಗುತ್ತದೆ. ಹೊಸ್ತಿಲು ಮರದ್ದಿರಲಿ, ನೀರಿನದೇ ಇರಲಿ, ದಾಟುವ ರೀತಿ ಒಂದೇ. ನಮ್ಮತನ ನಮ್ಮ ಬೆನ್ನಿಗಿರಲಿ; ಹೋದ ಮನೆಯವರ ಮರ್ಯಾದೆ ಒಂದು ಕೈ ಮೇಲಿರಲಿ. ಇಂದು ಯಾರದೋ ಬಾಗಿಲು ತಟ್ಟುವ ಮುನ್ನ, ಆ ಪುಟ್ಟ ಬಾವುಟ ಒಮ್ಮೆ ಕಣ್ಮುಂದೆ ಬರಲಿ.