ಗಂಟೆಗಂಟೆಯಾಗಿ ಮರಳಿ ಪಡೆದ ದಾರಿ

(ಯುವ ಕಾರ್ಯಕರ್ತರ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



“ಸಹಿ ಸಂಗ್ರಹಿಸಿ, ಕರಪತ್ರ ಹಂಚಿ ಇದುವರೆಗೆ ಏನನ್ನು ಸಾಧಿಸಿದ್ದೇವೆ?” ಎಂದು ನಿನ್ನೆಯ ಚರ್ಚೆಯಲ್ಲಿ ನಿಮ್ಮಲ್ಲೊಬ್ಬರು ಕೇಳಿದರು. ಆ ಬೇಸರ ನನಗೂ ಅಪರಿಚಿತವಲ್ಲ. ಅದಕ್ಕೆ ಉತ್ತರವಾಗಿ ನ್ಯೂಯಾರ್ಕ್ ನಗರದ ಎರಡು ಉದ್ಯಾನಗಳ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

ಮ್ಯಾನ್‌ಹಟನ್‌ನ ಸೆಂಟ್ರಲ್ ಪಾರ್ಕ್ ಮತ್ತು ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್, ಎರಡನ್ನೂ ರೂಪಿಸಿದವರು ಓಲ್ಮ್‌ಸ್ಟೆಡ್ ಮತ್ತು ವಾಕ್ಸ್. ಸೆಂಟ್ರಲ್ ಪಾರ್ಕಿನ 1858ರ ವಿನ್ಯಾಸದಲ್ಲಿಯೇ ಅವರು ನಗರದ ಸಂಚಾರಕ್ಕೆಂದು ನಾಲ್ಕು ಅಡ್ಡರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಹಾಯಿಸಿ, ಮೇಲಿನ ಹಸಿರನ್ನು ನಡೆಯುವವರಿಗೆ ಉಳಿಸಿದ್ದರು. ಆದರೆ ಕುದುರೆಗಾಡಿಯ ವಿಹಾರಕ್ಕೆಂದು ಮಾಡಿದ ಒಳದಾರಿಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಆಕ್ರಮಿಸಿತು. ಉದ್ಯಾನವು ಕಚೇರಿಗೆ ಧಾವಿಸುವವರ ಹಾದಿಯಾಯಿತು.

1966ರಲ್ಲಿ ಉದ್ಯಾನಗಳ ಆಯುಕ್ತ ಥಾಮಸ್ ಹೋವಿಂಗ್ ಸೆಂಟ್ರಲ್ ಪಾರ್ಕಿನ ದಾರಿಗಳನ್ನು ಭಾನುವಾರಗಳಂದು ಕಾರುಗಳಿಗೆ ಮುಚ್ಚಿಸಿದರು. ಉಳಿದ ದಿನಗಳಿಗಾಗಿ ಹೋರಾಟ ದಶಕಗಳವರೆಗೆ ನಡೆಯಿತು. ಯುವ ಸ್ವಯಂಸೇವಕರು ಉದ್ಯಾನದಲ್ಲಿ ನಿಂತು ಸಾವಿರಾರು ಸಹಿಗಳನ್ನು ಸಂಗ್ರಹಿಸಿದರು. “ಇಲ್ಲಿ ಮುಚ್ಚಿದರೆ ಸುತ್ತಲಿನ ಬೀದಿಗಳು ಉಸಿರುಗಟ್ಟುತ್ತವೆ” ಎಂಬುದು ಪ್ರತಿ ಬಾರಿಯೂ ಎದುರಾದ ವಾದ.

ಆ ವಾದವನ್ನು ಸೋಲಿಸಿದ್ದು ಘೋಷಣೆಯಲ್ಲ, ಪ್ರಯೋಗ. 2015ರಲ್ಲಿ ಪ್ರಾಸ್ಪೆಕ್ಟ್ ಪಾರ್ಕಿನ ಪಶ್ಚಿಮದ ದಾರಿ ಶಾಶ್ವತವಾಗಿ ಮುಚ್ಚಿತು. 2017ರ ಬೇಸಿಗೆಯಲ್ಲಿ ಪೂರ್ವದ ದಾರಿಯನ್ನು ಎಂಟು ವಾರ ಮುಚ್ಚಿ ನೋಡಲಾಯಿತು. ಹೇಳಿದ್ದ ಅನಾಹುತ ಸಂಭವಿಸಲಿಲ್ಲ. 2018ರ ಜನವರಿಯಲ್ಲಿ ಆ ಉದ್ಯಾನವೂ, ಜೂನ್‌ನಲ್ಲಿ ಸೆಂಟ್ರಲ್ ಪಾರ್ಕಿನ ಒಳದಾರಿಗಳೂ ಕಾರುಮುಕ್ತವಾದವು. ಹೋವಿಂಗ್ ಅವರ ಭಾನುವಾರದಿಂದ ಲೆಕ್ಕ ಹಾಕಿದರೆ ಐವತ್ತೆರಡು ವರ್ಷ! ಮೊದಲು ಸಹಿ ಹಾಕಿದ ಅನೇಕರು ಆ ದಿನವನ್ನು ಕಂಡಿರಲಾರರು.

ಮಿತ್ರರೇ, ಇದು ನಮಗೆ ದೂರದ ಮಾತಲ್ಲ. 1870ರಲ್ಲಿ ರೂಪುಗೊಂಡ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 2020ರ ಲಾಕ್‌ಡೌನ್ ಕಾಲಕ್ಕೆ ವಾಹನಗಳು ನಿಂತವು. ಹಾಗೆಯೇ ಇರಲಿ ಎಂದು ನಾಗರಿಕರು ಬೇಡಿದರು. ಆದರೂ ವಾಹನಗಳು ಮರಳಿ ಬಂದವು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿದೆ. ಅದನ್ನು ಸಡಿಲಿಸಬೇಕೆಂಬ ಒತ್ತಡವೂ ಬಂದಿದೆ. ಪಡೆದ ಗಂಟೆಗಳನ್ನು ಕಾಯದಿದ್ದರೆ ಅವು ಕೈಜಾರುತ್ತವೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಆದ್ದರಿಂದ ಅಲ್ಪ ಜಯವನ್ನು ಹೀಗಳೆಯಬೇಡಿ. ಅದನ್ನೇ ಕೊನೆಯೆಂದು ತೃಪ್ತರೂ ಆಗಬೇಡಿ. ದಾರಿ ಮುಚ್ಚಿದ ಒಂದು ಭಾನುವಾರ ಅಲ್ಲಿ ನಿಂತು ಎಣಿಸಿರಿ: ಎಷ್ಟು ಮಕ್ಕಳು ಬಂದರು, ಎಷ್ಟು ವೃದ್ಧರು ನಿರಾತಂಕವಾಗಿ ನಡೆದರು, ಹೊರಗಿನ ರಸ್ತೆಯಲ್ಲಿ ಏನಾಯಿತು? ಆ ಲೆಕ್ಕವೇ ಸೋಮವಾರವನ್ನು ಕೇಳುವ ಹಕ್ಕನ್ನು ನಿಮಗೆ ಕೊಡುತ್ತದೆ.